ಕೋಚ್ ಜೊತೆ ಜಟಾಪಟಿ: ಕ್ಲಬ್ಬಿನಲ್ಲಿ ಶಿಸ್ತಿನ ಲೆಕ್ಕ ಇಡುವ ಬಗೆ

ಬೆಂಗಳೂರಿನ ಲೀಗ್ ಆಡುವ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಟೀಮ್ ಮ್ಯಾನೇಜರ್ ಕೆಲಸ ನನ್ನದು. ತಂಡದಲ್ಲಿ 26 ಹುಡುಗರು. ಅರ್ಧದಷ್ಟು ಮಂದಿ ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಕಡೆಯವರು. ಉಳಿದವರು ಕೇರಳ, ತಮಿಳುನಾಡು, ಮಣಿಪುರ, ಮಿಜೋರಾಂನಿಂದ ಬಂದು ಕ್ಲಬ್ಬು ಹಿಡಿದ ಬಾಡಿಗೆ ಮನೆಯಲ್ಲಿ ಇರುವವರು. ಶಿಸ್ತು ಅಂದರೆ ಹೊರಗಿನವರಿಗೆ ಕೋಚ್ ಗದರುವುದು ಕಣ್ಣಿಗೆ ಬರುತ್ತದೆ. ಒಳಗೆ ಅದರ ಮುಕ್ಕಾಲು ಪಾಲು ಗುಮಾಸ್ತಿಕೆ: ಯಾರಿಗೆ ಯಾರು ಏನು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು, ಎಲ್ಲಿ ಬರೆದಿಟ್ಟರು. ಕೋಚ್ ಮತ್ತು ಆಟಗಾರನ ನಡುವೆ ಆಟದ ಮಾತು ಬಿಟ್ಟು ಬೇರೇನೂ ಉಳಿಯಬಾರದು. ದಂಡ, ಹಾಜರಿ, ಸಂಬಳ ಎಲ್ಲವೂ ಬೇರೆಯವರ ಕೈಯಲ್ಲಿರಬೇಕು. ನಾವು ಮಾಡಿಕೊಂಡ ಏರ್ಪಾಡೆಲ್ಲ ಇದೊಂದಕ್ಕಾಗಿ.

ಶುರು ನಿಯಮದ ಹಾಳೆಯಿಂದ. ಒಂದೇ ಪುಟ, ಒಂಬತ್ತು ಸಾಲು. ಹತ್ತನೆಯದು ಬೇಕು ಅನ್ನಿಸಿದರೆ ಹಳೆಯದೊಂದನ್ನು ತೆಗೆಯುತ್ತೇವೆ. ‘ಗೌರವದಿಂದ ನಡೆದುಕೊಳ್ಳತಕ್ಕದ್ದು’ ಎಂಬಂಥ ಮಾತಿಗೆ ಅಲ್ಲಿ ಜಾಗವಿಲ್ಲ, ಅದನ್ನು ಅಳೆಯಲು ಯಾರಿಗೂ ಬರುವುದಿಲ್ಲ. ‘6.15ಕ್ಕೆ ಪ್ರಾಕ್ಟೀಸ್ ಇದ್ದರೆ 5.55ಕ್ಕೆ ಬೂಟು ಕಟ್ಟಿ ಗೆರೆ ಹತ್ತಿರ ಇರಬೇಕು’ ಎಂದರೆ ಗಡಿಯಾರ ನೋಡಿದರೆ ಸಾಕು. ‘ಮೈ ಸರಿಯಿಲ್ಲ ಅಂದರೆ 5 ಗಂಟೆಯೊಳಗೆ ಫಿಸಿಯೋಗೆ ಫೋನ್ ಮಾಡಬೇಕು, ಮೆಸೇಜ್ ನಡೆಯೋದಿಲ್ಲ’ ಎಂಬುದೂ ಹಾಗೆಯೇ. ಹಾಳೆ ಕನ್ನಡ, ಇಂಗ್ಲಿಷ್, ಹಿಂದಿಯಲ್ಲಿದೆ. ಮಲಯಾಳಂ, ತಮಿಳು, ಮಣಿಪುರಿ ಹುಡುಗರಿಗೆ ಅವರವರ ಸೀನಿಯರ್ ಕೂತು ಬಾಯಲ್ಲಿ ಹೇಳುತ್ತಾನೆ. ಕರಾರಿಗೆ ಸೈನ್ ಮಾಡುವ ದಿನವೇ ಇದು ಆಗಬೇಕು. ಮೊದಲ ತಪ್ಪಾದ ಮೇಲೆ ಹಾಳೆ ತೋರಿಸಿದರೆ ‘ನನಗೋಸ್ಕರ ಬರೆದದ್ದು’ ಅಂದುಕೊಳ್ಳುತ್ತಾನೆ.

2019ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಕೋಚ್ ಆಗಿದ್ದ ಫ್ರ್ಯಾಂಕ್ ಲ್ಯಾಂಪಾರ್ಡ್ ಅಲ್ಲಿ ಹಾಕಿದ್ದ ದಂಡದ ಪಟ್ಟಿ ಹೊರಬಿದ್ದಿತ್ತು. ಪ್ರಾಕ್ಟೀಸಿಗೆ ತಡವಾದರೆ 20,000 ಪೌಂಡ್, ಮೀಟಿಂಗಿಗೆ ತಡವಾದರೆ ನಿಮಿಷಕ್ಕೆ 500 ಪೌಂಡ್, ಊಟದಲ್ಲೋ ಮೀಟಿಂಗಿನಲ್ಲೋ ಫೋನ್ ಹೊಡೆದುಕೊಂಡರೆ 1,000 ಪೌಂಡ್. ಮೊತ್ತ ನೋಡಿ ನಗು ಬರಬಹುದು, ಆದರೆ ಪಟ್ಟಿ ಕಟ್ಟಿರುವ ರೀತಿ ನೋಡಿ. ಈ ಮೂರರಲ್ಲೂ ವಾದಕ್ಕೆ ಎಡೆಯಿಲ್ಲ. ನಮ್ಮಲ್ಲಿ ಹತ್ತು ನಿಮಿಷದವರೆಗೆ ತಡವಾದರೆ 50 ರೂಪಾಯಿ, ಆಮೇಲೆ 100, ಮೀಟಿಂಗಿನಲ್ಲಿ ಫೋನ್ ಸದ್ದಾದರೆ 100. ಎಲ್ಲ ಸೇರಿದರೂ ತಿಂಗಳ ಸಂಬಳದ ಶೇ 3 ದಾಟಬಾರದು. 18,000 ಪಡೆಯುವವನಿಗೆ 540 ರೂಪಾಯಿಗೆ ನಿಲ್ಲುತ್ತದೆ. ಆ ಶೇ 3 ನಾವು ಹುಟ್ಟಿಸಿದ್ದಲ್ಲ, 1936ರ ವೇತನ ಪಾವತಿ ಕಾಯ್ದೆಯಿಂದ ಎತ್ತಿಕೊಂಡದ್ದು. ದಂಡ ಹಾಕುವ ಮುಂಚೆ ಅವನ ಮಾತು ಕೇಳಬೇಕು, ಬಂದ ದುಡ್ಡು ಕೆಲಸಗಾರರ ಒಳಿತಿಗೇ ಹೋಗಬೇಕು ಎಂಬ ಅದರ ಇನ್ನೆರಡು ಮಾತೂ ನಮಗೆ ಒಪ್ಪಿಗೆಯಾದವು. ಹದಿನೆಂಟು ತುಂಬದ ಹುಡುಗರಿಂದ ದುಡ್ಡು ತೆಗೆದುಕೊಳ್ಳುವುದೇ ಇಲ್ಲ, ಅವರು ಚೆಂಡು, ಕೋನ್ ಎತ್ತಿಡುತ್ತಾರೆ.

ದಂಡ ವಸೂಲಿ ಕೋಚ್ ಕೆಲಸವಲ್ಲ. ಕ್ಯಾಪ್ಟನ್, ವೈಸ್ ಕ್ಯಾಪ್ಟನ್, ಆಟಗಾರರೇ ಕೈಯೆತ್ತಿ ಆರಿಸಿದ ಒಬ್ಬ, ಜೊತೆಗೆ ಈ ವರ್ಷ ಸೇರಿದ ಒಬ್ಬ ಚಿಕ್ಕ ಹುಡುಗ, ಈ ನಾಲ್ವರ ಕಮಿಟಿ ಅದನ್ನು ನೋಡಿಕೊಳ್ಳುತ್ತದೆ. ಹಾಜರಿ ಪುಸ್ತಕ ನನ್ನ ಹತ್ತಿರ. ಹನ್ನೊಂದು ಜನರನ್ನು ಆರಿಸುವವನೇ ಐವತ್ತು ರೂಪಾಯಿಯನ್ನೂ ಕೇಳಿದರೆ, ಮುಂದಿನ ಮ್ಯಾಚಿನಲ್ಲಿ ಬೆಂಚಿಗೆ ಕೂತವನು ಎರಡನ್ನೂ ಗಂಟು ಹಾಕುತ್ತಾನೆ. ತಿಂಗಳ ಕೊನೆಗೆ ಮೊತ್ತ ಬಾಗಿಲಿಗೆ ಅಂಟಿಸುತ್ತೇವೆ. ಆ ದುಡ್ಡು ಜೂನಿಯರ್ ಹುಡುಗರ ಬೂಟಿಗೆ ಹೋಗುತ್ತದೆ, ಉಳಿದದ್ದು ಸೀಸನ್ ಮುಗಿದಾಗ ಬಿರಿಯಾನಿಗೆ. ಕೋಚ್ ತಡವಾಗಿ ಬಂದರೆ ಅವರಿಗೆ ಎರಡರಷ್ಟು. ಇದನ್ನು ಒಪ್ಪದ ಕೋಚ್‌ಗೆ ಈ ಏರ್ಪಾಡು ಹೊಂದುವುದಿಲ್ಲ.

ತಪ್ಪು ಮಾಡಿದವನನ್ನು ಶಿಕ್ಷೆಯೆಂದು ಮೈದಾನ ಸುತ್ತು ಓಡಿಸುವುದು ನಮ್ಮಲ್ಲಿಲ್ಲ. ಮ್ಯಾಚಿಗೆ ಎರಡು ದಿನ ಇರುವಾಗ ಕೋಪಕ್ಕೆ ಹತ್ತು ಸುತ್ತು ಓಡಿಸಿದರೆ ಆ ವಾರ ಮೈಗೆ ಎಷ್ಟು ದಣಿವು ಕೊಡಬೇಕೆಂಬ ಲೋಡ್ ಲೆಕ್ಕ ಕೆಡುತ್ತದೆ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಹಿಡಿದುಕೊಂಡರೆ ನಷ್ಟ ತಂಡಕ್ಕೇ. ಓಟವೆಂದರೆ ಶಿಕ್ಷೆ ಎಂದು ತಲೆಯಲ್ಲಿ ಕೂತವನನ್ನು ಮುಂದಿನ ಸೀಸನ್ನಿನ ಫಿಟ್‌ನೆಸ್ ಕ್ಯಾಂಪಿನಲ್ಲಿ ಎಳೆದುಕೊಂಡು ಹೋಗಬೇಕಾಗುತ್ತದೆ.

ಇನ್ನು ಸಂಬಳ. ಏಳನೇ ತಾರೀಖಿನೊಳಗೆ ಅಕೌಂಟಿಗೆ ಬೀಳದಿದ್ದರೆ ಆ ತಿಂಗಳು ದಂಡ ಇಲ್ಲ. ನಿಯಮದ ಹಾಳೆಯ ಒಂಬತ್ತನೇ ಸಾಲು ಇದೇ, ಮ್ಯಾನೇಜ್‌ಮೆಂಟ್ ಒಪ್ಪಲು ಹೆಚ್ಚು ಸಮಯ ತೆಗೆದುಕೊಂಡದ್ದೂ ಇದಕ್ಕೇ. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿಯಿದ್ದರೆ ಆಟಗಾರ ಹದಿನೈದು ದಿನದ ಲಿಖಿತ ನೋಟಿಸ್ ಕೊಟ್ಟು ಕರಾರು ಮುರಿಯಬಹುದು. ಬಾಕಿ ಉಳಿಸಿಕೊಂಡ ಕ್ಲಬ್ಬಿನ ಕೋಚ್ ‘ಯಾಕೆ ಲೇಟು?’ ಎಂದು ಕೇಳಿದರೆ ಬರುವ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ತಲೆನೋವು ಸೆವೆನ್ಸ್. ತಂಡಕ್ಕೆ ಏಳೇ ಜನ ಆಡುವ ಕೇರಳದ ಸೆವೆನ್ಸ್ ಟೂರ್ನಮೆಂಟ್, ಇಲ್ಲಿನ ಟರ್ಫ್‌ಗಳಲ್ಲಿ (ರಬ್ಬರ್ ಕಾಳು ಹಾಕಿದ ಕೃತಕ ಹುಲ್ಲಿನ ಮೈದಾನ) ರಾತ್ರಿ ಹನ್ನೊಂದಕ್ಕೆ ನಡೆಯುವ ಐದೈದು ಜನರ ಫೈವ್ಸ್, ಎರಡರಲ್ಲೂ ಕೈಗೆ ನೇರ ದುಡ್ಡು. ಹುಡುಗ ಹೇಳದೆ ಹೋಗಿ ಆಡಿ ಬಂದಿದ್ದರೆ ಬೆಳಿಗ್ಗೆ ಮೈಯೇ ಹೇಳುತ್ತದೆ. ತೊಡೆಯ ಹೊರಬದಿಯಲ್ಲಿ, ಮೊಣಕಾಲಿನಲ್ಲಿ ಕೆಂಪಗೆ ಉಜ್ಜಿದ ಗಾಯ. ಬೂಟಿನ ಒಳಗೆ, ಸಾಕ್ಸ್ ಮಡಿಕೆಯಲ್ಲಿ ಕಪ್ಪು ರಬ್ಬರ್ ಕಾಳು. ಹಿಂದಿನ ದಿನ ನಮ್ಮ ಪ್ರಾಕ್ಟೀಸ್ ಹುಲ್ಲಿನ ಮೈದಾನದಲ್ಲಿ ಆಗಿದ್ದರೆ ಆ ಕಾಳು ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. ಪೂರ್ತಿ ನಿಷೇಧ ಹಾಕಿದರೆ ಸುಳ್ಳು ಹೆಚ್ಚುತ್ತದೆ, ಗಾಯ ಮುಚ್ಚಿಡುತ್ತಾರೆ, ಫಿಸಿಯೋಗೆ ತೋರಿಸುವುದಿಲ್ಲ. ಅದಕ್ಕೆ ಇಷ್ಟು ಮಾಡಿದ್ದೇವೆ: ಮೊದಲೇ ಹೇಳಿದರೆ, ನಮ್ಮ ಮ್ಯಾಚಿಗೆ 72 ಗಂಟೆಗಿಂತ ಹೆಚ್ಚು ಸಮಯ ಇದ್ದರೆ ಹೋಗಬಹುದು. ಹೇಳದೆ ಹೋದರೆ ಮುಂದಿನ ಒಂದು ಮ್ಯಾಚಿಗೆ ಇಲ್ಲ. ಇಲ್ಲಿ ಕೋಚ್‌ಗೆ ಮನ್ನಿಸುವ ಅಧಿಕಾರವೂ ಇಲ್ಲ. ಒಳ್ಳೆಯ ಸ್ಟ್ರೈಕರ್‌ಗೆ ಒಂದು ಸಲ ಮನ್ನಿಸಿದರೆ ಮಿಕ್ಕ 25 ಜನರಿಗೂ ಅದೇ ನಿಯಮ ಆಗಿಬಿಡುತ್ತದೆ.

ಈಗ ಜಗಳದ ವಿಷಯ. ಹೆಚ್ಚಿನ ಜಗಳ ತಂಡದಿಂದ ಬಿಟ್ಟದ್ದಕ್ಕಿಂತ, ಬಿಟ್ಟ ಸುದ್ದಿ ಮುಟ್ಟಿದ ರೀತಿಯಿಂದ ಹುಟ್ಟುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಪಟ್ಟಿ ಬೀಳುವುದು, ತನ್ನ ಹೆಸರಿಲ್ಲ ಎಂದು ರೂಮ್‌ಮೇಟ್ ಹೇಳುವುದು, ರಾತ್ರಿಯೆಲ್ಲ ನಿದ್ದೆಗೆಡುವುದು, ಬೆಳಿಗ್ಗೆ ಬಸ್ಸಿನಲ್ಲೇ ಮುಖ ತಿರುಗಿಸುವುದು. ಹೋದ ಮ್ಯಾಚ್ ಆಡಿ ಈ ಮ್ಯಾಚಿಗೆ ಇಲ್ಲದವರಿಗೆ, ಪಟ್ಟಿಯಿಂದಲೇ ಹೊರಗುಳಿದವರಿಗೆ ಮಾತ್ರ ಮುನ್ನಾದಿನದ ಪ್ರಾಕ್ಟೀಸ್ ಮುಗಿದ ಮೇಲೆ ಕೋಚ್ ಒಬ್ಬೊಬ್ಬರನ್ನೇ ಕರೆದು ಹೇಳುತ್ತಾರೆ. ಸಾಧಾರಣವಾಗಿ ನಾಲ್ಕೈದು ಜನ, ತಲಾ ಮೂರು ನಿಮಿಷ. ಮೈದಾನದ ಮೂಲೆಯಲ್ಲಿ ನಡೆಯುತ್ತಾ ಹೇಳಿದರೆ ಒಳ್ಳೆಯದು, ಎದುರುಬದುರು ಕೂತರೆ ಬೇಗ ವಾದವಾಗುತ್ತದೆ. ಹೇಳಬೇಕಾದದ್ದು ಮೂರೇ: ನಾಳೆ ನೀನಿಲ್ಲ, ಕಾರಣ ಇದು, ವಾಪಸ್ ಬರಲು ಈ ಒಂದು ಕೆಲಸ ಸರಿಮಾಡಿಕೊ. ‘ಎದುರು ತಂಡದ ಲೆಫ್ಟ್ ವಿಂಗರ್ ವೇಗ ಜಾಸ್ತಿ, ನಿನ್ನ ಹಿಂದೆ ಜಾಗ ಬೀಳ್ತಾ ಇದೆ’ ಅಂದರೆ ಅದು ಕಾರಣ. ‘ಆಟಿಟ್ಯೂಡ್ ಸರಿಯಿಲ್ಲ’ ಅಂದರೆ ಅವನು ಅರ್ಧ ಗಂಟೆ ಜಗಳವಾಡಬಹುದು, ಆಡುತ್ತಾನೆ ಕೂಡ. ‘ಸಾರ್, ನಾನೇನು ತಪ್ಪು ಮಾಡ್ದೆ?’ ಎಂಬುದಕ್ಕೆ ಎರಡನೇ ಕಾರಣ ಕೊಡಬಾರದು, ಕೊಟ್ಟರೆ ಮೊದಲನೆಯದು ಸುಳ್ಳು ಅನ್ನಿಸುತ್ತದೆ. ಪಟ್ಟಿ ಗ್ರೂಪಿಗೆ ಹೋಗುವುದು ಇವರೆಲ್ಲರಿಗೂ ಹೇಳಿಯಾದ ಮೇಲೆಯೇ.

ಸಬ್ಸ್‌ಟಿಟ್ಯೂಷನ್, ಅಂದರೆ ಮ್ಯಾಚಿನ ನಡುವೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಇಳಿಸುವ ಹೊತ್ತಿನಲ್ಲಿ ಕಿಡಿ ಹಾರುವುದು ಜಾಸ್ತಿ. 65ನೇ ನಿಮಿಷಕ್ಕೆ ತೆಗೆಯುವ ಯೋಚನೆಯಿದ್ದರೆ ವಿಂಗರ್‌ಗೆ ಹಾಫ್‌ಟೈಮಿನಲ್ಲೇ ‘ಇನ್ನು ಇಪ್ಪತ್ತು ನಿಮಿಷ, ಇರೋದೆಲ್ಲ ಹಾಕಿಬಿಡು’ ಎಂದು ಹೇಳಿರುತ್ತೇವೆ. 2019ರಿಂದ ಆಟದ ನಿಯಮದಂತೆ ಹೊರಬರುವ ಆಟಗಾರ ತನಗೆ ಹತ್ತಿರವಾದ ಗೆರೆಯಿಂದಲೇ ಹೊರಗೆ ಹೋಗಬೇಕು. ಆಚೆ ಬದಿಯಲ್ಲಿದ್ದವನು ಗೋಲ್ ಹಿಂದಿನಿಂದ ಸುತ್ತಿ ಬರುವಷ್ಟರಲ್ಲಿ ಒಂದೆರಡು ನಿಮಿಷ, ಕೋಪ ಇಳಿಯಲು ಅದೇ ವರ. ಬೆಂಚಿನ ಹತ್ತಿರ ಬಂದಾಗ ಕೋಚ್ ಕೈ ಚಾಚುವುದಿಲ್ಲ. ಚಾಚಿದ ಕೈಯನ್ನು ಅವನು ಬಿಟ್ಟು ಹೋದರೆ ಗ್ಯಾಲರಿಯ ಅಷ್ಟೂ ಮೊಬೈಲ್‌ಗಳಿಗೆ ಅದೇ ಬೇಕು. ಅಸಿಸ್ಟೆಂಟ್ ಕೋಚ್ ಎದ್ದು, ಮುಚ್ಚಳ ತೆಗೆದ ನೀರಿನ ಬಾಟಲಿ ಒಂದು ಕೈಗೆ, ಜಾಕೆಟ್ ಇನ್ನೊಂದು ಕೈಗೆ ಕೊಡುತ್ತಾರೆ. ಎರಡು ಕೈಯೂ ತುಂಬಿದವನು ಎಸೆಯುವುದು, ಒದೆಯುವುದು ಕಡಿಮೆ. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಆಮೇಲೆ ಬೆಂಚಿನ ಆ ಕಡೆಯ ತುದಿಯಲ್ಲಿ ಕೂರಬೇಕು, ಕೊನೆಯ ವಿಸಲ್‌ವರೆಗೆ ಅಲ್ಲೇ. ಅವನಿಗೆ ಹತ್ತು ನಿಮಿಷ ಯಾರೂ ಸಮಾಧಾನ ಹೇಳಬಾರದು. ಬೆಂಚಿನಿಂದ ಬಾಟಲಿ ಹಾರಿ, ಎಸೆದವನು ಯಾರೆಂದು ರೆಫರಿಗೆ ಗೊತ್ತಾಗದಿದ್ದರೆ ಕಾರ್ಡ್ ಬೀಳುವುದು ಅಲ್ಲಿರುವ ಹಿರಿಯ ಕೋಚ್‌ಗೇ. ನಿಯಮದಲ್ಲೇ ಹಾಗಿದೆ, ಹುಡುಗರಿಗೆ ಇದನ್ನು ಮುಂಚೆಯೇ ಓದಿ ಹೇಳಿರುತ್ತೇವೆ.

ಹೊರಗೆ ಬರಲು ಒಪ್ಪದಿದ್ದರೆ? ನಿಯಮದ ಪ್ರಕಾರ ಆಟ ಮುಂದುವರಿಯುತ್ತದೆ, ರೆಫರಿ ಅವನನ್ನು ಎಳೆದು ತರುವುದಿಲ್ಲ. 2019ರ ಫೆಬ್ರವರಿಯಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ಚೆಲ್ಸಿ ಗೋಲ್‌ಕೀಪರ್ ಕೆಪಾ ಹೀಗೇ ಮಾಡಿದರು. ಆಗಿನ ಕೋಚ್ ಮೌರಿಜಿಯೊ ಸಾರಿ ಡ್ರೆಸಿಂಗ್ ರೂಮಿನ ದಾರಿಯಾದ ಟನೆಲ್ ಕಡೆ ಹೋಗಿ ತಿರುಗಿ ಬಂದರು. ಆಮೇಲೆ ಅವರು ನಡೆಸಿದ ರೀತಿ ಮಾತ್ರ ನೋಡಿ ಕಲಿಯುವಂಥದ್ದು: ತಪ್ಪು ತಿಳಿವಳಿಕೆ ಎಂದು ಹೊರಗೆ ಹೇಳಿದರು, ಒಂದು ವಾರದ ಸಂಬಳ ದಂಡವಾಯಿತು, ಟಾಟೆನ್‌ಹ್ಯಾಮ್ ಎದುರಿನ ಮುಂದಿನ ಮ್ಯಾಚಿಗೆ ಕೂರಿಸಿದರು, ಆಮೇಲೆ ಮತ್ತೆ ಆಡಿಸಿದರು. ಶಿಕ್ಷೆಗೆ ಅಳತೆಯೂ ಇತ್ತು, ಕೊನೆಯೂ ಇತ್ತು.

ಮ್ಯಾಚ್ ಮುಗಿದ ಮೇಲೆ ಡ್ರೆಸಿಂಗ್ ರೂಮಿಗೆ ಕೋಚ್ ಐದು ನಿಮಿಷ ತಡವಾಗಿಯೇ ಹೋಗುತ್ತಾರೆ. ಸೋತ ದಿನ ತಪ್ಪಿನ ಮಾತು ಬೇಡ, ವಿಡಿಯೋ ಮರುದಿನ. 2003ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೋತ ದಿನ ಅದರ ಮ್ಯಾನೇಜರ್ ಫರ್ಗುಸನ್ ಒದ್ದ ಬೂಟು ಬೆಕ್‌ಹ್ಯಾಮ್ ಹುಬ್ಬಿಗೆ ತಾಗಿದ್ದು ಇಂಥ ಹೊತ್ತಿನಲ್ಲೇ.

ಪ್ರಾಕ್ಟೀಸಿನಲ್ಲಿ ಬಾಯಿಗೆ ಬಾಯಿ ಹತ್ತಿದರೆ ಅಸಿಸ್ಟೆಂಟ್ ಕೋಚ್ ಎರಡು ನಿಮಿಷ ನೀರಿಗೆ ವಿಸಲ್ ಊದುತ್ತಾರೆ, ಎಲ್ಲರಿಗೂ. ಕೋಚ್ ಒಂದು ಗೆರೆಗೆ, ಆಟಗಾರ ಇನ್ನೊಂದು ಗೆರೆಗೆ. ಕೈ ಎತ್ತಿದರೆ ಮಾತ್ರ ಹೊರಗೆ, ಆಗ ನಾನು ಜೊತೆಯಲ್ಲಿ ಹೋಗುತ್ತೇನೆ. ಒಂಟಿಯಾಗಿ ಹೊರಟವನು ಗೇಟು ದಾಟುವ ಮೊದಲೇ ಏಜೆಂಟ್‌ಗೆ ಫೋನ್ ಮಾಡಿರುತ್ತಾನೆ. ಎರಡು ಗಂಟೆಯೊಳಗೆ ಹಾಳೆ ಬರೆಯುತ್ತೇನೆ, ಮೂರು ಕಲಂ: ಕಂಡದ್ದು, ಕೇಳಿದ್ದು, ಹತ್ತಿರ ಇದ್ದವರು. ಕೇಳಿದ್ದನ್ನು ಆಡಿದ ಭಾಷೆಯಲ್ಲೇ, ಆಡಿದ ಹಾಗೇ ಬರೆಯಬೇಕು. ತಮಿಳಿನಲ್ಲಿ ಗೆಳೆಯರ ನಡುವೆ ಸಲೀಸಾದ ಬೈಗುಳ ಹಿಂದಿಗೆ ಹೊರಳಿ ಕೋಚ್ ಕಿವಿಗೆ ಬೀಳುವಾಗ ತಾಯಿಯನ್ನೇ ಬೈದ ಹಾಗಾಗಿರುತ್ತದೆ. ‘ಉದ್ಧಟತನದಿಂದ’, ‘ಬೇಕಂತಲೇ’ ಎಂಬ ಮಾತು ಹಾಳೆಯಲ್ಲಿ ಕಂಡರೆ ಹರಿದು ಹೊಸದಾಗಿ ಬರೆಯುತ್ತೇನೆ.

24 ಗಂಟೆ ತೀರ್ಮಾನ ಇಲ್ಲ. ಮರುದಿನ ಮೊದಲ ಹತ್ತು ನಿಮಿಷ ಆಟಗಾರ, ಕ್ಯಾಪ್ಟನ್, ನಾನು. ಆಮೇಲೆ ಕೋಚ್ ಸೇರುತ್ತಾರೆ. ಮೊದಲ ಮಾತು ಆಟಗಾರನದ್ದು. ಕೋಚ್ ಕಡೆ ತಪ್ಪಿದ್ದರೆ, ಎಷ್ಟೋ ಸಲ ಇರುತ್ತದೆ, ಅದನ್ನು ಅಲ್ಲೇ ಒಪ್ಪಿಕೊಳ್ಳಬೇಕು. ತೀರ್ಮಾನ ನಾಲ್ಕು ಸಾಲಿನಲ್ಲಿ: ಏನಾಯಿತು, ಶಿಕ್ಷೆ ಏನು, ಯಾವ ತಾರೀಖಿಗೆ ಮುಗಿಯುತ್ತದೆ, ಯಾವ ಪ್ರಾಕ್ಟೀಸಿನಿಂದ ವಾಪಸ್. ಮೂರನೇ ಸಾಲು ಬಿಟ್ಟುಹೋದರೆ ಉಳಿದ ಮೂರಕ್ಕೂ ಬೆಲೆಯಿಲ್ಲ. ತಿಂಗಳುಗಟ್ಟಲೆ ಒಬ್ಬನೇ ಓಡಿಕೊಂಡಿರು ಎಂದು ಬಿಟ್ಟರೆ ಅವನಾಗಿ ಕರಾರು ಬಿಟ್ಟು ಹೋಗಲಿ ಎಂಬ ಕಿರುಕುಳವೆಂದು ಫಿಫಾ ನಿಯಮದಡಿ ವಾದಿಸಬಹುದು, ಸೋತರೆ ಪರಿಹಾರ ಕ್ಲಬ್ಬಿನ ತಲೆಗೆ.

‘ಇನ್ನು ನನ್ನ ತಂಡದಲ್ಲಿ ಅವನು ಆಡಲ್ಲ’ ಎಂಬ ಮಾತು ಕೋಚ್ ಬಾಯಿಂದ ಬರದಂತೆ ತಡೆಯುವುದೂ ಮ್ಯಾನೇಜರ್ ಕೆಲಸವೇ. 2011ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಸ್ಟ್ರೈಕರ್ ತೆವೆಸ್ ಮೈದಾನಕ್ಕಿಳಿಯಲು ಒಪ್ಪಲಿಲ್ಲ ಎಂದು ಮ್ಯಾಂಚೆಸ್ಟರ್ ಸಿಟಿಯ ಕೋಚ್ ಮ್ಯಾನ್ಸಿನಿ ಕ್ಯಾಮೆರಾ ಮುಂದೆ ಅಂಥದ್ದೇ ಮಾತಾಡಿದರು. ನಾಲ್ಕು ವಾರದ ಸಂಬಳ ದಂಡ ಎಂದು ಹೊರಟದ್ದು ಆಟಗಾರರ ಸಂಘ ಒಪ್ಪದೆ ಎರಡು ವಾರಕ್ಕಿಳಿಯಿತು. ಮರುವರ್ಷ ಮಾರ್ಚಿನಲ್ಲಿ ಅದೇ ತೆವೆಸ್ ಚೆಲ್ಸಿ ಎದುರು ಬೆಂಚಿನಿಂದ ಬಂದು ಗೆಲುವಿನ ಗೋಲಿಗೆ ಪಾಸ್ ಕೊಟ್ಟರು, ಆ ಸೀಸನ್ ಸಿಟಿ ಲೀಗ್ ಗೆದ್ದಿತು.

ರೂಮಿನ ಮಾತು ಹೊರಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2010ರ ವಿಶ್ವಕಪ್‌ನ ಫ್ರಾನ್ಸ್ ತಂಡ ಇದೆ. ಹಾಫ್‌ಟೈಮಿನಲ್ಲಿ ಸ್ಟ್ರೈಕರ್ ಅನೆಲ್ಕಾ ಕೋಚ್ ದೊಮೆನೆಕ್‌ರನ್ನು ಬೈದದ್ದು ಪತ್ರಿಕೆಯ ಮುಖಪುಟಕ್ಕೆ ಬಂತು, ಅನೆಲ್ಕಾರನ್ನು ಮನೆಗೆ ಕಳಿಸಿದರು, ಉಳಿದವರು ದಕ್ಷಿಣ ಆಫ್ರಿಕಾದ ನೈಸ್ನಾದಲ್ಲಿ ಪ್ರಾಕ್ಟೀಸ್ ಮಾಡದೆ ಬಸ್ಸಿಗೆ ವಾಪಸಾಗಿ ಕೂತರು. ನಮ್ಮ ಮಟ್ಟದಲ್ಲಿ ಪತ್ರಿಕೆಯ ಬದಲು ಇನ್‌ಸ್ಟಾಗ್ರಾಂ ಇದೆ. ತೀರ್ಮಾನ ಆಗುವವರೆಗೆ ಇಬ್ಬರೂ ಸ್ಟೇಟಸ್ ಹಾಕಬಾರದು, ಕೋಚ್ ಕೂಡ.

ವಾಪಸ್ ಬಂದ ದಿನ ಭಾಷಣ ಬೇಡ, ತಂಡದ ಮುಂದೆ ಕ್ಷಮೆ ಕೇಳಿಸುವುದೂ ಬೇಡ. ಕಿಟ್ ಹುಡುಗ ಅವನ ಬಿಬ್ಬನ್ನು (ಪ್ರಾಕ್ಟೀಸಿನಲ್ಲಿ ಮೇಲೆ ಹಾಕುವ ಬಣ್ಣದ ಬನಿಯನ್ನು) ಎಂದಿನ ಮೊಳೆಗೇ ತೂಗುಹಾಕಿರುತ್ತಾನೆ. ಮೊದಲ ಡ್ರಿಲ್ ಎಂಟು ಜನರ ರೊಂಡೋ (ವೃತ್ತದಲ್ಲಿ ನಿಂತವರು ಚೆಂಡು ದಾಟಿಸುವುದು, ನಡುವಿನವರು ಕಸಿಯಲು ನೋಡುವುದು), ಕೋಚ್ ಅದೇ ವೃತ್ತದ ಪಕ್ಕ ನಿಂತು ಎಲ್ಲರಿಗೂ ಹೇಳುವಂತೆ ಅವನಿಗೂ ಒಂದೆರಡು ಆಟದ ಮಾತು ಹೇಳುತ್ತಾರೆ. ಹಾಳೆಗಳು ಫೈಲಿನಲ್ಲಿರುತ್ತವೆ, ಸೀಸನ್ ಮುಗಿದ ದಿನ ಹರಿದು ಹಾಕುತ್ತೇವೆ. ಹೊಡೆದಾಟದ್ದು ಮಾತ್ರ ಎರಡು ಸೀಸನ್ ಉಳಿಯುತ್ತದೆ.