ಮೀಟರ್ ತೋರಿಸದ ಕೊಳೆ: ನನ್ನ ಅನುಭವ

ಈ ತಿಂಗಳು, ನಾನು ಟ್ಯಾಂಕು ತೊಳೆದುಕೊಡುವ ಆರು ಮನೆಗಳ ಆರ್‌ಒ (ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಿಂದ ನೀರು ಶುದ್ಧಮಾಡುವ ಯಂತ್ರ) ನೀರನ್ನು ಎಚ್‌ಟುಎಸ್ ಬಾಟಲಿಗಳಲ್ಲಿ (ಕೊಳೆಯ ಕ್ರಿಮಿಗಳಿದ್ದರೆ ನೀರು ಕಪ್ಪಾಗುವ ಪರೀಕ್ಷಾ ಬಾಟಲಿ) ಹಿಡಿದು ಎರಡು ದಿನ ಇಟ್ಟೆ. ಒಂದೂ ಕಪ್ಪಾಗಲಿಲ್ಲ. "ಮೆಂಬ್ರೇನ್ ದಾಟಿದ ನೀರಿನಲ್ಲಿ ಕ್ರಿಮಿ ಎಲ್ಲಿಂದ ಬರುತ್ತದೆ, ಸುಮ್ಮನೆ ಗಿರಾಕಿಗಳನ್ನು ಹೆದರಿಸುತ್ತೀರಿ" ಎಂದು ಎರಡು ವರ್ಷ ವಾದಿಸಿದ ಸಹ ಮೆಕ್ಯಾನಿಕ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪಾವಗಡದ ಕಡೆ ನಮಗೆಲ್ಲ ಫ್ಲೋರೈಡಿನದೇ ಚಿಂತೆ. ನೀರಿನಲ್ಲಿ ಕರಗಿದ ಲವಣಗಳನ್ನು (ಟಿಡಿಎಸ್) ಅಳೆಯುವ ಮೀಟರ್ ನೂರರ ಒಳಗೆ ತೋರಿಸಿದರೆ ಪೆಟ್ಟಿಗೆ ಮುಚ್ಚಿ ಹೊರಡುತ್ತೇವೆ. ನಾನೂ ಹಾಗೆಯೇ ಇದ್ದೆ. ಮಗಳಿಗೆ ಹೊಟ್ಟೆನೋವು ಬಿಡದೆ ಕಾಡಿದಾಗ ನಮ್ಮ ಮನೆಯ ನೀರನ್ನೇ ಪರೀಕ್ಷಿಸಿದೆ. ಮೀಟರಿನಲ್ಲಿ 55. ಬಾಟಲಿ ಮಾರನೆಯ ಬೆಳಿಗ್ಗೆಯೇ ಇದ್ದಿಲಿನಂತೆ ಕಪ್ಪು.

ಮೊದಲು ನೀರಿನ ಸಂಪಿನೊಳಗೆ ಬ್ಲೀಚಿಂಗ್ ಪುಡಿ ಹಾಕಿದೆ. ಕ್ಲೋರಿನ್ ತಡೆಯುವ ಕಾರ್ಬನ್ ಫಿಲ್ಟರ್ ಹಳೆಯದಾಗಿತ್ತು, ಕ್ಲೋರಿನ್ ನೇರವಾಗಿ ಹೋಗಿ ಮೆಂಬ್ರೇನನ್ನು ತಿಂದಿತು. ಕೆಲವೇ ವಾರಗಳಲ್ಲಿ ಟಿಡಿಎಸ್ 400 ದಾಟಿತು. ಹೆಚ್ಚುಕಡಿಮೆ 1,800 ರೂಪಾಯಿ ನೀರುಪಾಲು. ಆಮೇಲೆ ಕ್ರಿಮಿ ಕೊಲ್ಲುವ ಯುವಿ ದೀಪ ಬದಲಿಸಿದೆ, 900 ಇರಬೇಕು. ಬಾಟಲಿ ಮತ್ತೆ ಕಪ್ಪಾಯಿತು.

ಕೊನೆಗೆ ಮೆಂಬ್ರೇನಿನ ಬಾಯಿ, ಯುವಿಯ ನಂತರ, ಟ್ಯಾಂಕು, ನಲ್ಲಿ ಹೀಗೆ ನಾಲ್ಕು ಕಡೆ ನೀರು ಹಿಡಿದೆ. ಮೊದಲೆರಡು ಸ್ವಚ್ಛ, ಕೊನೆಯೆರಡು ಕಪ್ಪು. ಟ್ಯಾಂಕಿನ ತಳಕ್ಕೆ ಬೆರಳು ತಾಗಿಸಿದರೆ ಲೋಳೆ. ಕರೆಂಟು ಹೋದಾಗ ಮನೆಯವರು ಮುಚ್ಚಳ ತೆಗೆದು ಲೋಟ ಅದ್ದುತ್ತಿದ್ದರು. ಯುವಿ ಇರುವುದು ಟ್ಯಾಂಕಿಗೆ ಮೊದಲು. ಅಲ್ಲಿಂದ ಮುಂದೆ ನಿಂತ ನೀರಿಗೆ ಕಾವಲೇ ಇಲ್ಲ.

ಈಗ ಎರಡು ತಿಂಗಳಿಗೊಮ್ಮೆ ಪೋಸ್ಟ್ ಕಾರ್ಬನ್ (ಮೆಂಬ್ರೇನಿನ ನಂತರದ ಕಾರ್ಬನ್ ಫಿಲ್ಟರ್) ಕಳಚಿಟ್ಟು, ಟ್ಯಾಂಕನ್ನು ಉಜ್ಜಿ ತೊಳೆದು, ಹೈಪೋಕ್ಲೋರೈಟ್ (ಕ್ಲೋರಿನ್ ದ್ರಾವಣ) ಬೆರೆಸಿದ ನೀರನ್ನು ಅರ್ಧ ಗಂಟೆ ನಿಲ್ಲಿಸಿ, ಅದನ್ನು ನಲ್ಲಿಯಿಂದಲೇ ಹೊರಬಿಡುತ್ತೇನೆ. ನಂತರ ಎರಡು ಟ್ಯಾಂಕು ನೀರನ್ನು ಚೆಲ್ಲುತ್ತೇನೆ. ಮನೆಗೆ 350 ರೂಪಾಯಿ. ನಲ್ಲಿಯೊಳಗಿನ ಲೋಳೆಯನ್ನು ಯಾವುದರಿಂದ ಕೀಳುತ್ತೇನೆ ಎಂಬುದನ್ನು ಮಾತ್ರ ಹೇಳಲಾರೆ, ಅದು ನನ್ನ ಹೊಟ್ಟೆಪಾಡು.

ಶುದ್ಧ ನೀರಿಗೆ ಸ್ವಲ್ಪ ಹಸಿ ನೀರನ್ನು ಬೆರೆಸುವ ತಿರುಪು, ಅಂದರೆ ಟಿಡಿಎಸ್ ಕಂಟ್ರೋಲರ್ ಬಗ್ಗೆಯೂ ಒಂದು ಮಾತು. ನೀರು ಸಪ್ಪೆ ಎಂದು ಗಿರಾಕಿ ದೂರಿದೊಡನೆ ಅದನ್ನು ತಿರುಗಿಸಿಬಿಡುತ್ತೇವೆ. ಒಂದು ಮನೆಯಲ್ಲಿ ಯಾರೋ ತಿರುಗಿಸಿ ಟಿಡಿಎಸ್ 500ಕ್ಕೆ ತಂದಿದ್ದರು. ಕೊಳವೆಬಾವಿಯಲ್ಲಿ ಫ್ಲೋರೈಡ್ 2.6ರಷ್ಟು, ಲೋಟದಲ್ಲಿ 1.2! ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ. ಕಂಟ್ರೋಲರನ್ನು ಪೂರ್ತಿ ಮುಚ್ಚಿದೆ. ರುಚಿಗಾಗಿ ಆರ್‌ಒ ನೀರನ್ನು ಮಣ್ಣಿನ ಹೂಜಿಯಲ್ಲಿಡಲು ಹೇಳಿದೆ. ಮನೆಯೊಡತಿಗೆ ಬಹಳ ಹಿಡಿಸಿತು. ಆದರೆ ವಾರದಲ್ಲಿ ಹೂಜಿಯ ನೀರಿನ ಬಾಟಲಿ ಕಪ್ಪಾಯಿತು. ಅಲ್ಲಿಯೂ ಲೋಟ ಅದ್ದುತ್ತಿದ್ದರು. ನಲ್ಲಿಯಿರುವ ಹೂಜಿಯನ್ನು ಕೊಡಿಸಿ ಹತ್ತು ದಿನವಾಯಿತು. ಅದರ ಬಾಟಲಿಯನ್ನು ನಿನ್ನೆ ಇಟ್ಟಿದ್ದೇನೆ.