ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಬಾಡಿಯಿಂದ ಬಣ್ಣ ಕಿತ್ತುಬರುವುದು ನಿಂತಿದ್ದು ಹೀಗೆ

ಪಾರದರ್ಶಕ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಾಡಿಗೆ ಬಣ್ಣ ಹೊಡೆಯುವುದು ಒಳಗಡೆಯಿಂದ. ಡಿಕ್ಕಿಯಾದಾಗ ಅದು ಹಾಳೆಹಾಳೆಯಾಗಿ ಏಳುತ್ತಿದ್ದುದಕ್ಕೆ ಕಾರಣ ಎರಡು: ಅಚ್ಚಿನಿಂದ ಉಳಿದ ಜಿಡ್ಡು, ಒಂದೇ ಸಲಕ್ಕೆ ದಪ್ಪ ಲೇಪ.

ಈಗ ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇನೆ. ಕಿಟಕಿಗಳಿಗೆ ಮಾಸ್ಕ್ ಅಂಟಿಸಿದ ಮೇಲೆಯೇ ಒಳಮೈಯನ್ನು ಬೂದು ಸ್ಕಾಚ್‌ಬ್ರೈಟ್‌ನಿಂದ ಹಗುರವಾಗಿ ಉಜ್ಜಬೇಕು. ಇಲ್ಲದಿದ್ದರೆ ಗಾಜಿನ ಜಾಗದಲ್ಲಿ ಗೀರು ಉಳಿಯುತ್ತದೆ. ಬಣ್ಣ ಪಾಲಿಕಾರ್ಬೊನೇಟಿಗೆಂದೇ ಮಾಡಿದ್ದಿರಲಿ, ಇದರಲ್ಲಿ ರಾಜಿ ಬೇಡ. ಏರ್‌ಬ್ರಷ್‌ಗೆ 0.5 ಮಿ.ಮೀ. ನಾಜಲ್, 25–30 ಪಿಎಸ್‌ಐ ಗಾಳಿಯ ಒತ್ತಡ, ಬಾಡಿಯಿಂದ ಸುಮಾರು 10 ಸೆಂ.ಮೀ. ದೂರ. ಮೊದಲ ಕೋಟ್ ಆಚೆಬದಿ ಕಾಣುವಷ್ಟು ತೆಳು. ಹೇರ್‌ಡ್ರೈಯರಿನ ಸಣ್ಣ ಬಿಸಿಯಲ್ಲಿ ಒಣಗಿಸಿ ಮುಂದಿನದು. ಗಾಢ ಬಣ್ಣ ಮೊದಲು, ತಿಳಿಬಣ್ಣ ಆಮೇಲೆ, ಅದರ ಹಿಂದೆ ಬಿಳಿ. ಅಸಿಟೋನ್ ಮಾತ್ರ ಹತ್ತಿರ ತರಬೇಡಿ. ಪ್ಲಾಸ್ಟಿಕ್ ಮಸುಕಾಗಿ ಬಿರುಕು ಬಿಡುತ್ತದೆ.