ಮರದಲ್ಲಿ ಎದ್ದ ಗುಳ್ಳೆಗಳು

ನಾನು ಕೆತ್ತಿದ ಮೊದಲ ನೆತ್ಸುಕೆ ಒಂದು ಇಲಿ. ಕಿವಿ ನಿಮಿರಿಸಿ, ಬಾಲವನ್ನು ಹಿಂದಕ್ಕೆ ಚಾಚಿ, ಮೀಸೆಯವರೆಗೂ ತಿದ್ದಿ ಟೋಕಿಯೋದಲ್ಲಿ ನನಗೆ ಕಲಿಸುತ್ತಿದ್ದ ಗುರುಗಳ ಮುಂದಿಟ್ಟೆ. ಅವರು ಕಣ್ಣು ಮುಚ್ಚಿ, ಅದನ್ನು ಮುಷ್ಟಿಯೊಳಗೆ ಹೊರಳಿಸಿ, ಬಾಲ ಚುಚ್ಚುತ್ತದೆ ಎಂದು ಹಿಂದಿರುಗಿಸಿದರು. ಒಂದು ವಾರದೊಳಗೆ ಆ ಬಾಲ ನನ್ನ ಜೇಬಿನಲ್ಲೇ ಮುರಿಯಿತು.

ಕಿಮೋನೊಗೆ ಜೇಬಿಲ್ಲ. ಎದೊ ಕಾಲದಲ್ಲಿ (1603–1868) ಗಂಡಸರು ಹೊಗೆಸೊಪ್ಪಿನ ಚೀಲವನ್ನೋ ಔಷಧಿಯ ಡಬ್ಬಿಯನ್ನೋ ದಾರಕ್ಕೆ ಕಟ್ಟಿ ನಡುಪಟ್ಟಿಯಿಂದ ತೂಗುಬಿಡುತ್ತಿದ್ದರು. ದಾರ ಜಾರದಂತೆ ಮೇಲಿನ ತುದಿಯಲ್ಲಿ ತಡೆಯುವುದೇ ನೆತ್ಸುಕೆ. ದಿನವಿಡೀ ರೇಷ್ಮೆಗೆ ಉಜ್ಜುವ ವಸ್ತುವಿನಲ್ಲಿ ಏನೊಂದೂ ಹೊರಚಾಚುವಂತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಕ್ಯೋಟೋದ ತೊಮೊತದಾ ಎಂಬಾತ ಕೆತ್ತಿದ ಎತ್ತುಗಳನ್ನು ನೋಡಬೇಕು: ಕಾಲು ಮಡಚಿ ಮಲಗಿರುತ್ತವೆ, ಮೂಗುದಾರ ಕೂಡ ಮೈಗೆ ಅಂಟಿಕೊಂಡೇ ಸಾಗುತ್ತದೆ.

ಎರಡನೆಯ ಸಲ ನೆಲಗಪ್ಪೆಯನ್ನು ಆರಿಸಿಕೊಂಡೆ. ಕುಳಿತ ಕಪ್ಪೆ ತಾನಾಗಿಯೇ ಒಂದು ಉಂಡೆ. ದಂತವನ್ನು ನಾನು ಮುಟ್ಟುವುದಿಲ್ಲ. ಬಾಚಣಿಗೆಗೆ, ಶೋಗಿ ಆಟದ ಕಾಯಿಗಳಿಗೆ ಬಳಸುವ ತ್ಸುಗೆ ಮರವೇ ಸಾಕು. ಅದರ ಎಳೆ ಎಷ್ಟು ಒತ್ತೆಂದರೆ ಕೂದಲಿನಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ.

ಬೆನ್ನಿನ ಗುಳ್ಳೆಗಳನ್ನು ಕೆತ್ತುವುದಿಲ್ಲ, ಎಬ್ಬಿಸುತ್ತಾರೆ. ಈ ವಿಧಾನದ ಹೆಸರು ಉಕಿಬೊರಿ. ಮೊಂಡು ತುದಿಯ ಮೊಳೆಯನ್ನು ಮರದ ಮೇಲಿಟ್ಟು ಒತ್ತಿದರೆ ಚುಕ್ಕಿಯಂಥ ತಗ್ಗು ಬೀಳುತ್ತದೆ. ಒಳಗಿನ ಎಳೆಗಳು ತುಂಡಾಗಬಾರದು, ಅಮುಕಿ ಹೋಗಬೇಕು. ಆಮೇಲೆ ಸುತ್ತಲಿನ ಮರವನ್ನು ತಗ್ಗಿನ ತಳದವರೆಗೆ ಹೆರೆದು ಸಮ ಮಾಡಬೇಕು. ಈಗ ಬೆನ್ನು ನುಣ್ಣಗಿದೆ, ಗುಳ್ಳೆಯ ಸುಳಿವೂ ಇಲ್ಲ. ಬಿಸಿನೀರು ಹಚ್ಚಿದೆ. ಅಮುಕಿದ್ದ ಮರ ನೀರು ಕುಡಿದು ಒಂದೊಂದಾಗಿ ಉಬ್ಬಿ ಬಂತು. ಉಳಿಯ ಗುರುತಿಲ್ಲದ, ಜೀವದ ಚರ್ಮದಂಥ ಗುಳ್ಳೆಗಳು! ಎದೆ ಹೊಡೆದುಕೊಳ್ಳುತ್ತಿತ್ತು. ಅವಸರದಲ್ಲಿ ಜಾಸ್ತಿ ಹೆರೆದ ಕಡೆ ಮಾತ್ರ ಏನೂ ಏಳಲಿಲ್ಲ. ಎಡಭುಜದ ಮೇಲೆ ಆ ಬೋಳು ಇಂದಿಗೂ ಇದೆ.

ಕಣ್ಣಿಗೆ ಎಮ್ಮೆಯ ಕೊಂಬು ಕೂರಿಸಿದೆ. ಹೊಟ್ಟೆಯಡಿ ದಾರಕ್ಕೆ ಎರಡು ತೂತು ಕೊರೆದೆ, ಗಂಟು ಅಡಗಲೆಂದು ಒಂದನ್ನು ತುಸು ದೊಡ್ಡದಾಗಿ. ತೊಕುಸ ಗಿಡದ ಒಣಗಿದ, ಒರಟು ಕಾಂಡದಿಂದ ಕಾಲುಗಳನ್ನು ಉಜ್ಜಿ, ಮೇಣ ಹಚ್ಚಿದೆ.

ಎರಡು ವರ್ಷಗಳಿಂದ ಅದು ನನ್ನ ಚಿಲ್ಲರೆ ಚೀಲಕ್ಕೆ ಕಟ್ಟಿಕೊಂಡಿದೆ. ಹೆಬ್ಬೆರಳು ತಾಗುವ ಕಡೆ ಗುಳ್ಳೆಗಳು ಸವೆದು ಜೇನಿನ ಬಣ್ಣಕ್ಕೆ ತಿರುಗುತ್ತಿವೆ. ಕೈಬಳಕೆಯ ಈ ಸವೆತಕ್ಕೆ ಜಪಾನಿ ಭಾಷೆಯಲ್ಲಿ ‘ನರೆ’ ಎನ್ನುತ್ತಾರೆ. ಆ ಮಾತನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಅಜ್ಜನ ತಲೆ.